ದುಡಿದವರ ಮನೆಯ ಲೆಕ್ಕ

ಹಿಂದಿನವರು ಯಾರ ಮುಂದೆಯೂ ಕೈಚಾಚಲಿಲ್ಲ, ಮೈಮುರಿದು ದುಡಿದರು, ತಮ್ಮ ಕಾಲ ಮೇಲೆ ತಾವು ನಿಂತರು. ಈ ಮಾತು ಕೇಳಿಸದ ದುಡಿಯುವ ಮನೆ ಇರಲಾರದು. ನಾನೂ ಇದನ್ನು ಕೇಳುತ್ತಲೇ ಬೆಳೆದವನು. ಇದರಲ್ಲಿ ಸುಳ್ಳಿಲ್ಲ ಎಂಬುದೂ ನನಗೆ ಗೊತ್ತು. ಆದರೆ ಈಚೆಗೆ ಈ ಮಾತನ್ನು ಬಳಸುತ್ತಿರುವ ರೀತಿ ಕಂಡರೆ ಸಂಕಟವಾಗುತ್ತದೆ. ಕೆಲಸ ಕಳೆದುಕೊಂಡು ಕೂತ ಹುಡುಗನಿಗೆ, ಎರಡು ಪಾಳಿ ದುಡಿದೂ ಬಾಡಿಗೆ ಹೊಂದಿಸಲಾಗದ ಹೆಣ್ಣುಮಗಳಿಗೆ ಅಜ್ಜ ಅಜ್ಜಿಯರ ಬದುಕನ್ನು ತೋರಿಸಿ, "ಅವರಿಗೆ ಯಾರು ಕೊಟ್ಟಿದ್ದರು?" ಎಂದು ಕೇಳುತ್ತಾರೆ. ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಆ ಪ್ರಶ್ನೆಗೆ ಉತ್ತರವಿದೆ, ಬಹಳ ದೊಡ್ಡ ಉತ್ತರವೇ ಇದೆ. ಅದನ್ನು ಹೇಳದೆ ಬಿಟ್ಟರೆ ನಾವು ಹೊಗಳಲು ಹೊರಟ ಆ ಹಿರಿಯರಿಗೇ ಅನ್ಯಾಯ ಮಾಡಿದಂತಾಗುತ್ತದೆ.

ಮನೆಯೊಳಗಿನ ದುಡಿಮೆಯಿಂದಲೇ ಶುರು ಮಾಡುತ್ತೇನೆ. ಹೊರಗಿನ ದುಡಿಮೆಗೆ ಹಾಜರಿ ಪುಸ್ತಕವಿತ್ತು, ಬಟವಾಡೆಯ ದಿನವಿತ್ತು. ಒಳಗಿನದಕ್ಕೆ ಯಾವ ದಾಖಲೆಯೂ ಇರಲಿಲ್ಲ.

ನನ್ನ ಅಜ್ಜಿ ಅಂಗಿಯ ಕಾಲರ್ ತಿರುಗಿಸಿ ಹೊಲಿಯುವುದನ್ನು ನಾನು ಹತ್ತಿರ ಕೂತು ನೋಡಿದ್ದೇನೆ. ಕುತ್ತಿಗೆ ಉಜ್ಜಿ ಉಜ್ಜಿ ಕಾಲರಿನ ಮಡಿಕೆ ಸವೆದು ನೂಲು ಎದ್ದಿರುತ್ತದೆ, ಉಳಿದ ಅಂಗಿ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಅಜ್ಜಿ ಬ್ಲೇಡಿನ ತುದಿಯಿಂದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿ, ಕಾಲರನ್ನು ಪಟ್ಟಿಯಿಂದ ಬೇರ್ಪಡಿಸಿ, ಸಿಕ್ಕಿಕೊಂಡ ಎಳೆಗಳನ್ನೆಲ್ಲ ಚಿವುಟಿ ತೆಗೆಯುತ್ತಿದ್ದಳು. ಆಮೇಲೆ ಕಾಲರನ್ನು ಎರಡಾಗಿ ಮಡಚಿ ನಡು ಯಾವುದೆಂದು ಹುಡುಕಿ ಅಲ್ಲೊಂದು ಗುಂಡುಸೂಜಿ ಚುಚ್ಚುವಳು. ಪಟ್ಟಿಯ ನಡುವಿಗೂ ಒಂದು ಗುಂಡುಸೂಜಿ. ಸವೆದ ಮೈ ಅಡಿಗೆ ಹೋಗುವಂತೆ ಕಾಲರನ್ನು ಮಗುಚಿ, ಎರಡು ಗುರುತುಗಳನ್ನು ಕೂಡಿಸಿ, ನಡುವಿನಿಂದ ತುದಿಯ ಕಡೆಗೆ ಹೊಲಿಯುತ್ತ ಹೋಗುವಳು. ತುದಿಯಿಂದ ಶುರು ಮಾಡಿದರೆ ಬಟ್ಟೆ ಎಳೆದುಕೊಂಡು ಕಾಲರ್ ಒಂದು ಪಕ್ಕಕ್ಕೆ ವಾಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಮುಗಿದ ಮೇಲೆ ಆ ಅಂಗಿ ತೊಟ್ಟುಕೊಂಡು ಹೋದವನ ಎದುರು ನಿಂತು ನೋಡಿದರೂ ಅದು ಹಳೆಯದೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಹಾಸಿಗೆಯ ಬಟ್ಟೆಗೂ ಇಂಥದ್ದೇ ಉಪಾಯವಿತ್ತು. ಮಲಗುವ ನಡುಭಾಗ ತೆಳುವಾಗಿ ಬೆಳಕು ಕಾಣುವಂತಾದಾಗ ಅದನ್ನು ಉದ್ದಕ್ಕೆ ಎರಡಾಗಿ ಸೀಳಿ, ಗಟ್ಟಿಯಾಗಿ ಉಳಿದ ಅಂಚುಗಳನ್ನು ನಡುವಿಗೆ ತಂದು ಜೋಡಿಸಿ ಹೊಲಿಯುವುದು, ತೆಳುವಾದ ಭಾಗವನ್ನು ಅಂಚಿಗೆ ಸಾಗಿಸಿ ಮಡಚಿ ಹೊಲಿಯುವುದು. ಇಂಗ್ಲೆಂಡಿನ ಕೂಲಿಕಾರರ ಮನೆಗಳಲ್ಲಿ ಇದು ತೀರಾ ಸಾಮಾನ್ಯ ಕೆಲಸವಾಗಿತ್ತು. ಅಲ್ಲಿಗೂ ಆ ಬಟ್ಟೆಯ ಆಯುಸ್ಸು ತೀರುತ್ತಿರಲಿಲ್ಲ. ಮುಂದೆ ಅದು ದಿಂಬಿನ ಚೀಲವಾಗುತ್ತಿತ್ತು, ಕೂಸಿನ ಹೊದಿಕೆಯಾಗುತ್ತಿತ್ತು, ಕಡೆಗೆ ಒರೆಸುವ ಬಟ್ಟೆಯಾಗುತ್ತಿತ್ತು. ಇದನ್ನೆಲ್ಲ ಮಿತವ್ಯಯ ಎಂದು ಕರೆದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಬಟ್ಟೆ ಎಲ್ಲಿ ಎಳೆಯುತ್ತದೆ, ಎಲ್ಲಿ ಸವೆಯುತ್ತದೆ, ಯಾವಾಗ ಕೈಹಾಕಿದರೆ ಉಳಿಯುತ್ತದೆ, ಯಾವಾಗ ತಡವಾಯಿತು ಎಂಬ ತಿಳಿವಳಿಕೆ ಕಸುಬಿಗೆ ಸೇರಿದ್ದು. ದಿನವಿಡೀ ಬೇರೆ ಕೆಲಸ ಮಾಡಿದ ಹೆಂಗಸು ರಾತ್ರಿ ದೀಪದ ಮುಂದೆ ಕೂತು ಮಾಡಿದ ಕಸುಬು ಅದು. ಗಂಡಸು ತಂದ ಕೂಲಿ ಹದಿನೈದು ದಿನಕ್ಕೆ ಸಾಲುವುದಿದ್ದರೆ ಅದನ್ನು ತಿಂಗಳಿಗೆ ಹಿಗ್ಗಿಸಿದ್ದು ಈ ಕೈಗಳು. ಆದರೂ "ಅಜ್ಜ ದುಡಿದು ಸಂಸಾರ ಸಾಕಿದ" ಎಂದೇ ನಾವು ಹೇಳುತ್ತ ಬಂದಿದ್ದೇವೆ.

ಇಂಥ ಕೈಗಳ ಲೆಕ್ಕ ಕಾಗದದ ಮೇಲೆ ಉಳಿದದ್ದು ಅಪರೂಪ. ಹಾಗೆ ಉಳಿದ ಒಂದು ಕಡೆ ಲಂಡನ್ನಿನ ಲ್ಯಾಂಬೆತ್. 1909ರಿಂದ 1913ರವರೆಗೆ ಫೇಬಿಯನ್ ಮಹಿಳಾ ಗುಂಪು ಎಂಬ ಸಮಾಜವಾದಿ ಹೆಂಗಸರ ಸಂಘದವರು ಅಲ್ಲಿನ ದುಡಿಯುವ ಮನೆಗಳಿಗೆ ಹೋಗಿ, ವಾರಕ್ಕೆ ಹೆಚ್ಚುಕಡಿಮೆ ಒಂದು ಪೌಂಡಿನಲ್ಲಿ ಸಂಸಾರ ನಡೆಸುವ ತಾಯಂದಿರಿಂದ ಖರ್ಚಿನ ಲೆಕ್ಕ ಬರೆಸಿದರು. ಅದನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದವರು ಮಾಡ್ ಪೆಂಬರ್ ರೀವ್ಸ್. ಆ ತಾಯಂದಿರು ಅದುವರೆಗೆ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡವರು. ಕೆಲವರಿಗೆ ಬರೆಯಲು ಬರುತ್ತಿರಲಿಲ್ಲ, ಅವರು ಹೇಳಿದ್ದನ್ನು ಗಂಡನೋ ಶಾಲೆಗೆ ಹೋಗುವ ಮಗುವೋ ಬರೆದುಕೊಟ್ಟದ್ದುಂಟು. ಬಾಡಿಗೆ, ಕಲ್ಲಿದ್ದಲು, ಸೋಪು, ಚಪ್ಪಲಿಗೆಂದು ಎತ್ತಿಟ್ಟದ್ದು, ಹೀಗೆ ಸಾಗುತ್ತದೆ ಪಟ್ಟಿ. ಬಾಡಿಗೆಯೊಂದೇ ಆದಾಯದ ಮೂರರಲ್ಲೊಂದು ಪಾಲು ತಿನ್ನುತ್ತಿತ್ತು.

ಆ ಪಟ್ಟಿಗಳಲ್ಲಿ ವಾರ ವಾರವೂ ತಪ್ಪದೆ ಬರುವ ಒಂದು ಸಾಲಿದೆ: ಶವಸಂಸ್ಕಾರದ ವಿಮೆ. ಮನೆಯಲ್ಲಿರುವ ಒಂದೊಂದು ಮಗುವಿನ ಹೆಸರಿನಲ್ಲೂ ವಾರಕ್ಕೊಂದು ಪೆನ್ನಿ. ಆ ಹಣದಲ್ಲಿ ಮಕ್ಕಳಿಗೆ ಇನ್ನಷ್ಟು ಹಾಲು ಕೊಡಬಾರದೇ ಎಂದು ಅನುಕೂಲಸ್ಥರು ಆಗ ಆಕ್ಷೇಪಿಸುತ್ತಿದ್ದರು. ಆದರೆ ತಾಯಿಯ ಲೆಕ್ಕ ಬೇರೆಯಾಗಿತ್ತು. ಆ ಕೇರಿಗಳಲ್ಲಿ ಎಳೆಯ ಮಕ್ಕಳು ಸಾಯುವುದು ಅಪರೂಪವಾಗಿರಲಿಲ್ಲ. ವಿಮೆ ಇಲ್ಲದೆ ಮಗು ಸತ್ತರೆ ಮಣ್ಣು ಮಾಡಲು ಸಾಲ ತೆಗೆಯಬೇಕು, ಆ ಸಾಲ ತೀರುವವರೆಗೆ ಉಳಿದ ಮಕ್ಕಳ ತಟ್ಟೆ ಬರಿದಾಗುತ್ತದೆ. ಇಲ್ಲವಾದರೆ ದಿಕ್ಕಿಲ್ಲದವರಂತೆ ಸರ್ಕಾರಿ ಖರ್ಚಿನಲ್ಲಿ ಮಣ್ಣು ಮಾಡಿಸಬೇಕು. ಬದುಕಿರುವ ಮಗುವಿನ ಹೆಸರಿನಲ್ಲಿ ಅದರ ಸಾವಿಗಾಗಿ ವಾರ ವಾರ ನಾಣ್ಯ ಎತ್ತಿಡುವ ತಾಯಿಯ ಮನಸ್ಸು ಹೇಗಿದ್ದಿರಬೇಕು ಎಂದು ಯೋಚಿಸಿದಾಗಲೆಲ್ಲ ನನಗೆ ಮುಂದೆ ಓದಲಾಗುವುದಿಲ್ಲ. ಅವಳನ್ನು ದುಂದುಗಾತಿ ಎಂದವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಸೋಮಾರಿತನದಿಂದ ಬಡತನ ಬಂತು ಎಂಬ ಮಾತಿಗೂ ಹಳೆಯ ಲೆಕ್ಕವೇ ಉತ್ತರ ಕೊಡುತ್ತದೆ. ಬಡತನವನ್ನು ಅಧ್ಯಯನ ಮಾಡಿದ ಸೀಬೋಮ್ ರೌಂಟ್ರೀ 1899ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದ ದುಡಿಯುವ ಕುಟುಂಬಗಳ ಸ್ಥಿತಿಯನ್ನು ಮನೆಮನೆಗೆ ಜನರನ್ನು ಕಳಿಸಿ ವಿಚಾರಿಸಿದರು, 1901ರಲ್ಲಿ ಪ್ರಕಟಿಸಿದರು. ದೇಹ ನಡೆಯಲು ಬೇಕಾದ ಕನಿಷ್ಠ ಅಗತ್ಯಗಳಿಗೂ ಆದಾಯ ಸಾಲದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಮನೆಗಳಲ್ಲಿ ದುಡಿಯುವ ಯಜಮಾನನಿದ್ದ, ಅವನಿಗೆ ಕಾಯಂ ಕೆಲಸವೂ ಇತ್ತು, ಕೂಲಿ ಸಾಲುತ್ತಿರಲಿಲ್ಲ. ಅಷ್ಟೇ. ಇನ್ನೊಂದು ಸಂಗತಿಯನ್ನೂ ಅವರು ಗುರುತಿಸಿದರು. ದುಡಿಯುವವನೊಬ್ಬನ ಆಯುಷ್ಯದಲ್ಲಿ ಮೂರು ಸಲ ಬಡತನ ಬಂದು ಹೋಗುತ್ತದೆ: ತಾನು ಮಗುವಾಗಿದ್ದಾಗ, ತನ್ನ ಮಕ್ಕಳು ಚಿಕ್ಕವರಿದ್ದಾಗ, ಕೈಕಾಲಿನ ಕಸುವು ಇಳಿದ ಮುಪ್ಪಿನಲ್ಲಿ. ಒಂದೇ ಮೈ, ಒಂದೇ ಬೆವರು. ಆದರೂ ಕೆಲವು ವರ್ಷ ನೀಗುತ್ತದೆ, ಕೆಲವು ವರ್ಷ ನೀಗುವುದಿಲ್ಲ. ನಮ್ಮ ಮನೆಯ ಹಿರಿಯರು "ಆಗ ಬಹಳ ಕಷ್ಟವಿತ್ತು" ಎನ್ನುವ ಕಾಲಗಳನ್ನು ಹೊಂದಿಸಿ ನೋಡಿದರೆ ಅವೂ ಈ ಮೂರರಲ್ಲೇ ಬಂದು ಕೂರುತ್ತವೆ.

ಹಾಗಿದ್ದರೆ ಯಾರು ಕೊಟ್ಟಿದ್ದರು? ಅವರವರೇ ಒಬ್ಬರಿಗೊಬ್ಬರು ಕೊಟ್ಟುಕೊಂಡಿದ್ದರು.

ಬ್ರಿಟನ್ನಿನ ದುಡಿಯುವ ಜನ ಹದಿನೆಂಟನೆಯ ಶತಮಾನದಲ್ಲೇ ಸ್ನೇಹ ಸಂಘಗಳನ್ನು ಕಟ್ಟಿಕೊಂಡಿದ್ದರು. 1793ರಲ್ಲಿ ಅವುಗಳಿಗೆಂದೇ ಒಂದು ಕಾಯ್ದೆ ಬಂತು ಎಂದರೆ ಆ ಹೊತ್ತಿಗೆ ಎಷ್ಟು ಬೇರು ಬಿಟ್ಟಿದ್ದವು ಎಂದು ಊಹಿಸಬಹುದು. ಸದಸ್ಯನಾದವನು ಕಾಲಕಾಲಕ್ಕೆ ಸಣ್ಣ ವಂತಿಗೆ ಕಟ್ಟಬೇಕು. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ ಸಂಘದಿಂದ ವಾರವಾರ ಹಣ ಬರುತ್ತದೆ, ಸತ್ತರೆ ಸಂಸ್ಕಾರದ ಖರ್ಚು ಬರುತ್ತದೆ. ಹಣದ ಪೆಟ್ಟಿಗೆಗೆ ಹಲವು ಸಂಘಗಳಲ್ಲಿ ಮೂರು ಬೀಗ, ಮೂವರ ಬಳಿ ಮೂರು ಬೀಗದ ಕೈ. ಮೂವರೂ ಕೂಡದೆ ಪೆಟ್ಟಿಗೆ ತೆರೆಯುವಂತಿಲ್ಲ. ಮಲಗಿದ ಸದಸ್ಯನ ಮನೆಗೆ ಸಂಘದ ಪರವಾಗಿ ಒಬ್ಬರು ಹೋಗಿ ಬರಬೇಕೆಂಬ ನಿಯಮವಿರುತ್ತಿತ್ತು. ಕಾಯಿಲೆ ನಿಜವೇ ಎಂದು ನೋಡುವುದು ಒಂದು ಉದ್ದೇಶ, ಹಣ ತಲುಪಿಸಿ ವಿಚಾರಿಸಿಕೊಂಡು ಬರುವುದು ಇನ್ನೊಂದು. ಮೋಸಕ್ಕೆ ಎಡೆಯಿಲ್ಲದಂತೆ ಕಾವಲು ಇಡುತ್ತಲೇ ಮಲಗಿದವನ ಮರ್ಯಾದೆಯನ್ನು ಕಾಯ್ದ ಈ ವ್ಯವಸ್ಥೆಯನ್ನು ರೂಪಿಸಿದವರು ಹೆಚ್ಚು ಓದಿದವರಲ್ಲ. ಇಲ್ಲಿ ಹಣ ಪಡೆದವನು ಭಿಕ್ಷೆ ಪಡೆದಂತಾಗುತ್ತಿರಲಿಲ್ಲ, ಅದು ಅವನದೇ ವಂತಿಗೆ ಸೇರಿದ ಗಂಟು. "ಯಾರ ಹಂಗೂ ಇರಲಿಲ್ಲ" ಎಂದು ಅವನು ಮುಪ್ಪಿನಲ್ಲಿ ಮೊಮ್ಮಕ್ಕಳಿಗೆ ಹೇಳಿದ್ದರೆ ಅದು ನಿಜವೇ. ಕೇಳಿಸಿಕೊಂಡವರು ಆ ಪೆಟ್ಟಿಗೆಯನ್ನು ಮರೆತರು.

ರಾಚ್‌ಡೇಲ್‌ನ ಕತೆ ಹಲವರಿಗೆ ಗೊತ್ತಿರಬಹುದು. ಗೊತ್ತಿದ್ದರೂ ಅದರ ಚಿಕ್ಕ ವಿವರಗಳು ನನಗೆ ಬಹಳ ಪ್ರಿಯ. ಇಂಗ್ಲೆಂಡಿನ ಆ ಬಟ್ಟೆಗಿರಣಿ ಪಟ್ಟಣದಲ್ಲಿ ನೇಕಾರರೂ ಇತರ ಕೆಲಸಗಾರರೂ ಸೇರಿ 28 ಮಂದಿ ವಾರಕ್ಕೆ ಎರಡು ಮೂರು ಪೆನ್ನಿಯಂತೆ ಕೂಡಿಹಾಕಿ, ತಲೆಗೊಂದು ಪೌಂಡಿನ ಹಾಗೆ 28 ಪೌಂಡ್ ಬಂಡವಾಳ ಮಾಡಿಕೊಂಡರು. 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಅಂಗಡಿ ತೆರೆದರು. ಇದ್ದ ಸರಕು ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದಬತ್ತಿಯಂಥ ನಾಲ್ಕೈದು ಸಾಮಾನು. ಕಲಬೆರಕೆಯಿಲ್ಲ, ತೂಕದಲ್ಲಿ ಮೋಸವಿಲ್ಲ, ಒಬ್ಬ ಸದಸ್ಯನಿಗೆ ಒಂದೇ ಮತ, ಲಾಭ ಬಂದರೆ ಯಾರು ಎಷ್ಟು ಕೊಂಡಿದ್ದಾರೋ ಅದಕ್ಕೆ ತಕ್ಕ ಪಾಲು. ಮುಂದೆ ಲಾಭದ ಒಂದು ಅಂಶವನ್ನು ಸದಸ್ಯರ ಓದಿಗಾಗಿ ಎತ್ತಿಟ್ಟರು, ಪುಸ್ತಕಾಲಯ ಮಾಡಿಕೊಂಡರು. ಉದ್ರಿ ಇಲ್ಲ ಎಂಬುದೂ ಅವರ ನಿಯಮವಾಗಿತ್ತು. ಈ ನಿಯಮದ ಬಗ್ಗೆ ನನಗೆ ಎರಡು ಮನಸ್ಸಿದೆ. ಅಂಗಡಿಯವನ ಸಾಲದ ಪುಸ್ತಕಕ್ಕೆ ಕಟ್ಟುಬಿದ್ದು, ಅವನು ಕೊಟ್ಟ ಕೆಟ್ಟ ಸರಕನ್ನೇ ಬಾಯಿಮುಚ್ಚಿ ಕೊಳ್ಳಬೇಕಾಗಿದ್ದ ಜನರಿಗೆ ಅದು ಬಿಡುಗಡೆ, ನಿಜ. ಆದರೆ ಕೈಯಲ್ಲಿ ಕಾಸೇ ಇಲ್ಲದ ತೀರಾ ಬಡವರು ಆ ಅಂಗಡಿಯ ಮೆಟ್ಟಿಲು ಹತ್ತಲಾಗಲಿಲ್ಲ. ಸ್ನೇಹ ಸಂಘಗಳಿಗೂ ಇದೇ ಮಿತಿ. ವಂತಿಗೆ ಕಟ್ಟುವ ಶಕ್ತಿಯಿದ್ದವರಿಗೆ ಆಸರೆ, ಇಲ್ಲದವರು ಹೊರಗೇ ಉಳಿದರು. ಹಿಂದಿನ ಕಾಲದ ಸ್ವಾವಲಂಬನೆಯನ್ನು ನೆನೆಯುವಾಗ ಆ ಹೊರಗುಳಿದವರು ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ತಮ್ಮ ಕತೆ ಹೇಳಿಕೊಳ್ಳಲು ಅವರ ಬಳಿ ಗೆಲುವಿರಲಿಲ್ಲ.

ಜರ್ಮನಿಯಲ್ಲಿ ಫ್ರೀಡ್ರಿಕ್ ವಿಲ್‌ಹೆಲ್ಮ್ ರೈಫೈಸೆನ್ 1846–47ರ ಹಸಿವಿನ ಚಳಿಗಾಲದಲ್ಲಿ ಉಳ್ಳವರಿಂದ ಹಣ ಎತ್ತಿ ಬಡವರಿಗೆ ಹಿಟ್ಟು, ರೊಟ್ಟಿ ಒದಗಿಸಲು ಸಂಘ ಕಟ್ಟಿದರು. ಉಳ್ಳವರ ಔದಾರ್ಯವನ್ನೇ ನಂಬಿದ ಏರ್ಪಾಟು ಬಹುಕಾಲ ನಿಲ್ಲದು ಎಂಬುದು ಅನುಭವದಿಂದ ತಿಳಿದ ಮೇಲೆ, ಸಾಲ ಬೇಕಾದವರೇ ಸದಸ್ಯರಾಗಿ ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆಯಾಗುವ ಸಂಘವನ್ನು 1864ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ರೂಪಿಸಿದರು. ಲೋಕದ ಎಷ್ಟೋ ಕಡೆಯ ಸಹಕಾರಿ ಪತ್ತಿನ ಸಂಘಗಳಿಗೆ ಮಾದರಿ ಅದೇ. ನೆರೆಯವನ ಸಾಲಕ್ಕೆ ನಾನು ಹೊಣೆ ಎಂದು ರುಜು ಹಾಕುವುದು ಚಿಕ್ಕ ಮಾತಲ್ಲ. ಅವನ ದುಡಿಮೆ ಎಂಥದ್ದು, ನಡತೆ ಎಂಥದ್ದು ಎಂದು ಗೊತ್ತಿರಬೇಕು. ಅವನೂ ನಮ್ಮ ಮುಖ ನೋಡಿ ಬದುಕಬೇಕು.

ಇಷ್ಟೆಲ್ಲ ಇದ್ದೂ ನೆಲ ಕುಸಿದಾಗ ಏನಾಯಿತು ಎಂಬುದಕ್ಕೆ ಲ್ಯಾಂಕಷೈರಿನ ಹತ್ತಿಯ ಬರಗಾಲವನ್ನು ನೋಡಬೇಕು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಅಲ್ಲಿಂದ ಬರುವ ಹತ್ತಿ ನಿಂತಿತು, ಇಂಗ್ಲೆಂಡಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಪ್ರದೇಶದ ಕಾರ್ಮಿಕರು ಉಳಿತಾಯಕ್ಕೆ, ಸಂಘಗಳಿಗೆ ಹೆಸರಾದವರು. ರಾಚ್‌ಡೇಲ್ ಕೂಡ ಅಲ್ಲಿಯದೇ. ಮೊದಲು ಬ್ಯಾಂಕಿನಲ್ಲಿಟ್ಟ ಹಣ ಕರಗಿತು, ಆಮೇಲೆ ಸಹಕಾರಿ ಅಂಗಡಿಯಲ್ಲಿದ್ದ ಪಾಲು, ಆಮೇಲೆ ಮನೆಯ ಮೇಜು ಕುರ್ಚಿ ಗಿರವಿಯಂಗಡಿ ಸೇರಿದವು. 1862ರ ಕೊನೆಯ ಹೊತ್ತಿಗೆ ಪರಿಹಾರ ಪಡೆಯುತ್ತಿದ್ದವರು ಸುಮಾರು 5 ಲಕ್ಷ. ಹಲವು ಕಡೆ ಆ ಪರಿಹಾರಕ್ಕೆ ಪ್ರತಿಯಾಗಿ ಕಲ್ಲು ಒಡೆಯಬೇಕಿತ್ತು. ಎಳೆ ಹಿಡಿದು ಪಳಗಿದ ಬೆರಳುಗಳು ಸುತ್ತಿಗೆ ಹಿಡಿದವು. ಇವರಲ್ಲಿ ದುಡಿಯಲೊಲ್ಲದವರು ಯಾರಿದ್ದರು? ಉಳಿಸಲಿಲ್ಲ ಎಂದು ಯಾರನ್ನು ದೂರಬೇಕು? ಅದೇ ಚಳಿಗಾಲದಲ್ಲಿ, 1862ರ ಡಿಸೆಂಬರ್ 31ರಂದು, ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿದ ಕಾರ್ಮಿಕರು ಗುಲಾಮಗಿರಿಯ ವಿರುದ್ಧದ ಹೋರಾಟಕ್ಕೆ ತಮ್ಮ ಬೆಂಬಲ ತಿಳಿಸಿ ಅಬ್ರಹಾಂ ಲಿಂಕನ್ ಅವರಿಗೆ ಪತ್ರ ಬರೆದರು. ಹತ್ತಿ ಬಿಡಿಸುತ್ತಿದ್ದ ಗುಲಾಮರ ಬಿಡುಗಡೆಗಾಗಿ ತಮ್ಮ ಒಲೆ ಆರಿದರೂ ಸರಿಯೆಂದವರು ಅವರು. 1863ರ ಜನವರಿ 19ರಂದು ಲಿಂಕನ್ ಆ ಪತ್ರಕ್ಕೆ ಉತ್ತರಿಸಿದರು. ಪರಿಹಾರದ ಸಾಲಿನಲ್ಲಿ ನಿಂತವನಿಗೆ ಆತ್ಮಗೌರವವಿಲ್ಲ ಎಂದು ಯಾರಾದರೂ ಅಂದರೆ ನನಗೆ ಮೊದಲು ನೆನಪಾಗುವುದು ಈ ಪತ್ರ.

ಮಕ್ಕಳ ವಿಷಯವನ್ನೂ ಹೇಳಬೇಕು. "ಎಂಟು ವರ್ಷಕ್ಕೇ ಕೆಲಸಕ್ಕೆ ಹೋಗಿ ದುಡಿದ" ಎಂದು ಹಿರಿಯರ ಬಗ್ಗೆ ಹೆಮ್ಮೆಯಿಂದ ಹೇಳುವಾಗ ನನಗೆ ಆ ಹೆಮ್ಮೆಯಲ್ಲಿ ಪಾಲುಗೊಳ್ಳಲಾಗುವುದಿಲ್ಲ. ಬ್ರಿಟನ್ನಿನ 1833ರ ಕಾಯ್ದೆ ಬಟ್ಟೆಗಿರಣಿಗಳಲ್ಲಿ ಒಂಬತ್ತು ವರ್ಷದೊಳಗಿನವರನ್ನು ದುಡಿಸಬಾರದು ಎಂದಿತು. ಹಾಗೆ ಹೇಳಬೇಕಾಗಿ ಬಂತು ಎಂಬುದರಲ್ಲೇ ಎಲ್ಲವೂ ಇದೆ. ಅಮೆರಿಕದಲ್ಲಿ 1908ರಿಂದ ಲೂಯಿಸ್ ಹೈನ್ ಗಿರಣಿ, ಗಣಿಗಳಲ್ಲಿ ದುಡಿಯುವ ಮಕ್ಕಳ ಫೋಟೊಗಳನ್ನು ತೆಗೆಯುತ್ತ ಊರೂರು ತಿರುಗಿದರು. ಒಳಗೆ ಬಿಡದಿದ್ದ ಕಡೆ ವೇಷ ಮರೆಸಿಕೊಂಡು ಹೋದರು. ಮಗುವಿನ ಎತ್ತರ ಎಷ್ಟೆಂದು ತಿಳಿಯಲು ತಮ್ಮ ಅಂಗಿಯ ಗುಂಡಿಗಳನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಎಷ್ಟನೆಯ ಗುಂಡಿಯವರೆಗೆ ಮಗುವಿನ ತಲೆ ಬರುತ್ತದೆ ಎಂದು ನೋಡಿಕೊಂಡು ಗುಟ್ಟಾಗಿ ಬರೆದಿಡುತ್ತಿದ್ದರು. ಆ ಚಿತ್ರಗಳಲ್ಲಿ ನೂಲಿನ ಯಂತ್ರಗಳ ಸಾಲಿನ ನಡುವೆ ನಿಂತ ಹುಡುಗಿಯರು ಯಂತ್ರದ ಮುಂದೆ ತೀರಾ ಚಿಕ್ಕವರಾಗಿ ಕಾಣುತ್ತಾರೆ. ತಂದೆಯ ಕೂಲಿ ಸಾಲದ ಮನೆಯಲ್ಲಿ ಮಗುವಿನ ಕೂಲಿಯೂ ಬೇಕಾಗಿತ್ತು, ತಂದೆತಾಯಿ ಕಳಿಸಿದ್ದು ಕಲ್ಲುಮನಸ್ಸಿನಿಂದಲ್ಲ. ಆ ಮಕ್ಕಳ ದುಡಿಮೆಗೆ ತಲೆಬಾಗುತ್ತೇನೆ. ಅದು ಮತ್ತೆ ಯಾರಿಗೂ ಆದರ್ಶವಾಗಬಾರದು.

ಮೈಮುರಿದು ದುಡಿದವರೇ ದುಡಿಮೆಯ ಹೊತ್ತನ್ನು ಇಳಿಸಲು ಹೋರಾಡಿದರು ಎಂಬುದನ್ನೂ ನಾವು ಮಕ್ಕಳಿಗೆ ಹೇಳುವುದಿಲ್ಲ. ಬ್ರಿಟನ್ನಿನ ಗಿರಣಿಗಳ ಹೆಂಗಸರಿಗೆ ಮತ್ತು ಎಳೆಯರಿಗೆ ದಿನಕ್ಕೆ ಹತ್ತು ಗಂಟೆಯ ಮಿತಿ ದಕ್ಕಿದ್ದು 1847ರಲ್ಲಿ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತನದಲ್ಲಿ ವರ್ಷಗಟ್ಟಲೆ ಕೇಳಿದ ಮೇಲೆ. ದಿನಕ್ಕೆ ಎಂಟು ಗಂಟೆ ಎಂಬುದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊತ್ತಮೊದಲ ಒಪ್ಪಂದವಾದದ್ದು 1919ರಲ್ಲಿ. ವಾರಕ್ಕೊಂದು ದಿನ ಬೆನ್ನು ನೆಲಕ್ಕೆ ಹಚ್ಚುವ ಹಕ್ಕಿಗಾಗಿ ನಮ್ಮ ಹಿಂದಿನವರು ಕೂಲಿ ಕಳೆದುಕೊಂಡು ನಿಂತರು. ಇಂದಿನ ಹುಡುಗರು ವಿಶ್ರಾಂತಿ ಕೇಳಿದರೆ ಅದು ಆ ಹಿರಿಯರಿಗೆ ಮಾಡಿದ ಅವಮಾನವಲ್ಲ, ಅವರು ಬಿಟ್ಟುಹೋದ ಆಸ್ತಿಯನ್ನೇ ಕೇಳುತ್ತಿದ್ದಾರೆ.

ಮನೆಯಲ್ಲಿ ವಯಸ್ಸಾದವರು ಇನ್ನೂ ಇದ್ದರೆ "ಎಷ್ಟು ಕಷ್ಟಪಟ್ಟಿರಿ?" ಎಂದು ಕೇಳುವುದರ ಜತೆಗೆ, "ನೀವು ಕೆಲಸಕ್ಕೆ ಹೋದಾಗ ಕೂಸನ್ನು ಯಾರು ನೋಡಿಕೊಳ್ಳುತ್ತಿದ್ದರು?" ಎಂದೂ ಕೇಳಿ. ಜ್ವರ ಬಂದು ಮಲಗಿದಾಗ ಒಲೆ ಹಚ್ಚಿದವರು ಯಾರು, ಕೆಲಸಕ್ಕೆ ಮೊದಲು ಸೇರಿಸಿದವರು ಯಾರು, ಹೊಲಿಗೆ ಕಲಿಸಿದವರು ಯಾರು ಎಂದು ಕೇಳಿ. ನಾನು ಕೇಳಿದ್ದೇನೆ. ಅಲ್ಲಿಯವರೆಗೆ "ಎಲ್ಲ ನಾವೇ ಮಾಡಿಕೊಂಡೆವು" ಎನ್ನುತ್ತಿದ್ದವರು ಹೆಸರುಗಳನ್ನು ಹೇಳತೊಡಗುತ್ತಾರೆ. ಪಕ್ಕದ ಮನೆಯಾಕೆ, ಅದೇ ಪಾಳಿಯ ಜತೆಗಾರ, ಸಂಬಳದ ಮುಂಗಡ ಕೊಡಿಸಿದ ಮೇಸ್ತ್ರಿ, ನೆಂಟಸ್ತನವೇ ಇಲ್ಲದೆ ಚಿಕ್ಕಮ್ಮನಾದವಳು. ಅವರೂ ಅಷ್ಟೇ ಇಲ್ಲದವರು. ಕೊಟ್ಟದ್ದು ತಿರುಗಿ ಬರುತ್ತದೆ ಎಂಬ ಭರವಸೆಯ ಮೇಲೆ ಆ ಬೀದಿ ನಡೆಯುತ್ತಿತ್ತು. ಅಕ್ಕಪಕ್ಕದವರ ಹೆಸರೇ ಗೊತ್ತಿಲ್ಲದ ಮಹಡಿಮನೆಯಲ್ಲಿ ಇಂದು ಒಬ್ಬಂಟಿಯಾಗಿ ದುಡಿಯುವ ಹುಡುಗಿಗೆ ಆ ಬೀದಿಯನ್ನು ಕೊಡದೆ ಅಜ್ಜಿಯ ಗಟ್ಟಿತನವನ್ನು ಮಾತ್ರ ಕೇಳುವುದು ಯಾವ ನ್ಯಾಯ?

ಸರ್ಕಾರ ಕೊಟ್ಟರೆ ಜನ ಕೈಕಟ್ಟಿ ಕೂರುತ್ತಾರೆ ಎಂಬ ಭಯ ಹಳೆಯದು. ಬ್ರಿಟನ್ನಿನಲ್ಲಿ ವೃದ್ಧಾಪ್ಯ ಪಿಂಚಣಿಯ ಕಾಯ್ದೆ ಬಂದ 1908ರಲ್ಲೂ ಅದೇ ಭಯದ ಮಾತು ಕೇಳಿಬಂತು. 1909ರ ಜನವರಿ 1ರಿಂದ, ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ ಐದು ಷಿಲಿಂಗ್, ಅಂದರೆ ಕಾಲು ಪೌಂಡ್, ಅಂಚೆ ಕಚೇರಿಯಲ್ಲಿ. ಅದರಿಂದ ಯಾರ ಸಂಸಾರವೂ ನಡೆಯುವಂತಿರಲಿಲ್ಲ. ಆದರೆ ಅದಕ್ಕೆ ಮೊದಲು ಮುಪ್ಪಾದ ಎಷ್ಟೋ ಕೂಲಿಕಾರರಿಗೆ ಉಳಿದಿದ್ದ ದಾರಿಗಳು ಎರಡು: ಮೊದಲೇ ಹೊಟ್ಟೆಗೆ ಸಾಲದ ಮಗನ ಮನೆಗೆ ಇನ್ನೊಂದು ಬಾಯಾಗಿ ಸೇರುವುದು, ಅಥವಾ ದಿಕ್ಕಿಲ್ಲದವರನ್ನು ದುಡಿಸಿಕೊಂಡು ಅನ್ನ, ಸೂರು ಕೊಡುತ್ತಿದ್ದ ಬಡವರ ಕೆಲಸದಮನೆಯ ಬಾಗಿಲು ತಟ್ಟುವುದು. ಆ ಕೆಲಸದಮನೆಯಲ್ಲಿ ಗಂಡನನ್ನೂ ಹೆಂಡತಿಯನ್ನೂ ಸಾಮಾನ್ಯವಾಗಿ ಬೇರೆ ಬೇರೆ ಕಡೆ ಇಡುತ್ತಿದ್ದರು. ಐದು ಷಿಲಿಂಗ್ ಕೈಗೆ ಬಂದ ಮೇಲೆ ಮುದುಕ ಮುದುಕಿಯರು ಮಗನ ಮನೆಯಲ್ಲಿ ತಮ್ಮ ಪಾಲಿನ ಬಾಡಿಗೆ ಕೊಟ್ಟುಕೊಂಡು ಇರಬಹುದಾಯಿತು. ಅರವತ್ತು ವರ್ಷ ದುಡಿದೂ ದಕ್ಕದಿದ್ದ ಈ ಸ್ವಾತಂತ್ರ್ಯ ಅವರಿಗೆ ಮೊದಲ ಬಾರಿಗೆ ಸಿಕ್ಕಿದ್ದು ಎಲ್ಲರೂ ಸೇರಿ ಕಟ್ಟಿದ ತೆರಿಗೆಯ ಹಣದಿಂದ.